‘ಪೀರ್ ಸಪೋರ್ಟ್ ವರ್ಕರ್’ ಎಂಬವರಿಗೆ ಯಾವ ಹೆಸರು, ಅವರ ದುಡಿಮೆಯ ಹಣಕ್ಕೆ ಯಾವ ಹೆಸರು?

ಮಾನ್ಯರೇ,

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರೂ ಅವರ ಮನೆಯವರೂ ಸೇರಿ ಹಾಸನದಲ್ಲಿ ನಡೆಸುತ್ತಿರುವ ಪುಟ್ಟ ಬಳಗವೊಂದು ಹಣದ ನೆರವು ಕೋರಿ ಸಲ್ಲಿಸಲಿರುವ ಪ್ರಸ್ತಾವನೆಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಪೀರ್ ಸಪೋರ್ಟ್ ವರ್ಕ್‌ಫೋರ್ಸ್’ ಎಂಬುದಕ್ಕೂ ಅದನ್ನು ಬೆಳೆಸಲು ಬೇಕಾದ ‘ಫಂಡಿಂಗ್’ ಎಂಬುದಕ್ಕೂ ಕಚೇರಿಯವರು ಒಪ್ಪುವ, ಊರಿನವರಿಗೆ ಅರ್ಥವಾಗುವ ಮಾತುಗಳು ಯಾವುವು ಎಂಬುದು ನನ್ನ ಪ್ರಶ್ನೆ. ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಅರಕಲಗೂಡು ಕಡೆಯ ಹಳ್ಳಿಯ ಮನೆಯೊಂದರ ಜಗುಲಿಯಲ್ಲಿ ಕುಳಿತು ‘ನಾನು ನಿಮ್ಮ ಮಗನಿಗೆ ಪೀರ್’ ಎಂದು ಪರಿಚಯ ಹೇಳಿಕೊಂಡರೆ ಕೇಳಿದವರಿಗೆ ಸೂಫಿ ಸಂತರ ನೆನಪಾದೀತೇ ಹೊರತು ಬೇರೇನೂ ಹೊಳೆಯಲಾರದು.

ಮೊದಲು ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ತಾನೇ ಮಾನಸಿಕ ಕಾಯಿಲೆಯನ್ನು ಅನುಭವಿಸಿ, ಚೇತರಿಕೆಯ ಹಾದಿಯಲ್ಲಿದ್ದು, ಅದಕ್ಕೆಂದೇ ತರಬೇತಿ ಪಡೆದು, ಈಗ ಕಾಯಿಲೆಯಲ್ಲಿರುವವರ ಜೊತೆ ಕೆಲಸ ಮಾಡುವ ವ್ಯಕ್ತಿ ಇವರು. ಇವರು ರೋಗನಿರ್ಣಯ ಮಾಡುವುದಿಲ್ಲ, ಔಷಧ ಬರೆಯುವುದಿಲ್ಲ. ಮಾತ್ರೆ ತೆಗೆದುಕೊಂಡಾಗಿನ ಮಂಪರು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೆಂಟರು ನೋಡುವ ನೋಟ, ಬಿಟ್ಟ ಕೆಲಸಕ್ಕೆ ಮರಳುವಾಗಿನ ಅಂಜಿಕೆ ಇವುಗಳ ಬಗ್ಗೆ ಪಾಡುಪಟ್ಟವರಾಗಿ ಮಾತನಾಡುತ್ತಾರೆ. ಆದ್ದರಿಂದ ‘ಆಪ್ತಸಮಾಲೋಚಕ’ ಎಂಬುದು ಇಲ್ಲಿ ಸಲ್ಲದು. ಆ ಪದ ಕೌನ್ಸೆಲರ್‌ಗೆ ಗಟ್ಟಿಯಾಗಿ ನಿಂತುಬಿಟ್ಟಿದೆ.

‘ಪೀರ್’ ಎಂದೊಡನೆ ಆರೋಗ್ಯ ಇಲಾಖೆಯ ಬರಹಗಳಲ್ಲಿ ‘ಸಮವಯಸ್ಕ’ ಎಂದು ಬರೆಯುವ ರೂಢಿಯಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿಹರೆಯದವರು ಹದಿಹರೆಯದವರಿಗೇ ತಿಳಿವಳಿಕೆ ಹೇಳುವುದರಿಂದ ಅಲ್ಲಿ ಅದು ಸರಿ. ನಮ್ಮ ಬಳಗದಲ್ಲಾದರೋ ಐವತ್ತು ದಾಟಿದ ಹೆಂಗಸು ಇಪ್ಪತ್ತರ ಹುಡುಗನ ಜೊತೆ ಕೂರುತ್ತಾರೆ. ಇಲ್ಲಿ ಸಮವಾಗಿರುವುದು ವಯಸ್ಸಲ್ಲ, ಪಟ್ಟ ಪಾಡು. ಇದೇ ಕಾರಣಕ್ಕೆ ‘ಓರಗೆಯವರು’ ಎಂಬ ಸೊಗಸಾದ ಮಾತನ್ನೂ ಒಲ್ಲದ ಮನಸ್ಸಿನಿಂದ ಬಿಟ್ಟೆ. ಒಲ್ಲದ ಮನಸ್ಸು ಏಕೆಂದರೆ, ‘ಓರಗಿತ್ತಿ’ ಅಥವಾ ‘ವಾರಗಿತ್ತಿ’ ಎಂಬ ನಂಟಿನ ಪದದಲ್ಲಿ ವಯಸ್ಸಿಗಿಂತ ಹೆಚ್ಚಾಗಿ ಒಂದೇ ಮನೆಗೆ ಹೊರಗಿನಿಂದ ಬಂದು ಸೇರಿದವರ ಸಮಾನ ಸ್ಥಿತಿಯೇ ಎದ್ದು ಕಾಣುತ್ತದೆ, ಮತ್ತು ಆ ಛಾಯೆ ನಮಗೆ ಬೇಕಾದುದಕ್ಕೆ ಬಹಳ ಹತ್ತಿರದ್ದು. ಇನ್ನು ‘ಸರೀಕ’: ನಿಘಂಟಿನಲ್ಲಿ ಸಮಾನನೇ ಹೌದು, ಆದರೆ ನಮ್ಮ ಸೀಮೆಯಲ್ಲಿ ‘ಸರೀಕರ ಮುಂದೆ ತಲೆ ತಗ್ಗಿಸುವಂತಾಯಿತು’ ಎಂದೇ ಅದರ ಬಳಕೆ. ಮಗಳ ಕಾಯಿಲೆಯನ್ನು ಯಾರಿಂದ ಮುಚ್ಚಿಡಬೇಕೆಂದು ಮನೆಯವರು ಹೆಣಗುತ್ತಾರೋ ಅವರೇ ಸರೀಕರು. ಇದಕ್ಕಿಂತ ವಿರುದ್ಧವಾದ ಪದ ಸಿಗಲಾರದು. ‘ಸಹವರ್ತಿ’ಯಲ್ಲಿ ಜೊತೆಗಿರುವುದು ಮಾತ್ರ ಇದೆ. ‘ಸಮದುಃಖಿ’ ಎಂಬುದು ಮನುಷ್ಯನನ್ನು ದುಃಖದಲ್ಲೇ ಕಟ್ಟಿಹಾಕುತ್ತದೆ, ಚೇತರಿಕೆಗೆ ಅದರಲ್ಲಿ ಎಡೆಯಿಲ್ಲ.

ಹಾಗಾಗಿ ನನ್ನ ಕರಡಿನಲ್ಲಿ ಸದ್ಯಕ್ಕೆ ‘ಸಮಾನುಭವಿ’ ಎಂದಿದೆ. ‘ಸಹಾನುಭವಿ’ ಎನ್ನಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಅದನ್ನು ಓದುವವರು ‘ಸಹಾನುಭೂತಿ’ ಎಂದೇ ಓದಿಕೊಂಡು ಕನಿಕರದ ಕಡೆಗೆ ಜಾರುತ್ತಾರೆಂಬುದು ನನ್ನ ಆಕ್ಷೇಪ.

‘ಸಪೋರ್ಟ್’ ಬಗ್ಗೆ ಹೆಚ್ಚು ತಕರಾರಿಲ್ಲ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಗೆ ಸಿಲ್ವರ್ ಮರ ಆಸರೆಯಾಗುತ್ತದೆ, ಮರಕ್ಕೆ ಬಳ್ಳಿ ಆಸರೆಯಾಗುವುದಿಲ್ಲ. ಇಲ್ಲಿಯ ಸಂಬಂಧ ಹಾಗೆ ಏಕಮುಖವಲ್ಲವಾದ್ದರಿಂದ ‘ಆಸರೆ’ಗಿಂತ ‘ಬೆಂಬಲ’ ಮೇಲು. ‘ವರ್ಕ್‌ಫೋರ್ಸ್’ ಎಂಬುದಕ್ಕೆ ಪತ್ರಿಕೆಗಳಲ್ಲಿ ಕಾಣುವ ‘ಕಾರ್ಯಪಡೆ’ಯನ್ನು ಬಳಸಿದರೆ ಕಚೇರಿಯಲ್ಲಿ ಅದನ್ನು ಟಾಸ್ಕ್ ಫೋರ್ಸ್ ಎಂದೇ ತಿಳಿದು, ಇದರ ಅಧ್ಯಕ್ಷರು ಯಾರು, ಸಭೆ ಯಾವಾಗ ಎಂದು ಕೇಳಿಯಾರು. ‘ಸಿಬ್ಬಂದಿ’ ಎಂಬ ಹಳೆಯ ಪದವೇ ಸಾಕು. ‘ಸಿಬ್ಬಂದಿಯ ಅಭಿವೃದ್ಧಿ’ ಎಂದು ಮಾತ್ರ ಬರೆಯಲಾರೆ. ನಮ್ಮ ಕಿವಿಯಲ್ಲಿ ‘ಅಭಿವೃದ್ಧಿ’ ಎಂದರೆ ರಸ್ತೆ ಮತ್ತು ಚರಂಡಿ. ‘ಸಿಬ್ಬಂದಿಯನ್ನು ಸಜ್ಜುಗೊಳಿಸಿ ಬೆಳೆಸುವುದು’ ಎಂದು ಬಿಡಿಸಿ ಹೇಳುವುದು ಲೇಸು.

ನಿಜವಾದ ತೊಡಕು ಹಣದ ಪದದಲ್ಲಿದೆ, ಮತ್ತು ಅದು ಬರಿಯ ಪದದ ತೊಡಕಲ್ಲ. ‘ಫಂಡಿಂಗ್’ ಎಂದಲ್ಲೆಲ್ಲ ‘ಅನುದಾನ’ ಎಂದು ಬರೆಯುವುದು ನಮಗೆ ರೂಢಿಯಾಗಿದೆ. ಅನುದಾನವೆಂದರೆ ಒಂದು ಅವಧಿಗೆ ಮಂಜೂರಾಗಿ ಖರ್ಚಾಗಿ ಮುಗಿಯುವ ಮೊತ್ತ. ಅದು ಮುಗಿದ ದಿನ ತರಬೇತಿ ಪಡೆದವರು ಮತ್ತೆ ಮನೆಯಲ್ಲಿ. ಅಮೆರಿಕದಲ್ಲಿ ಈ ವೃತ್ತಿ ಬೇರೂರಿದ್ದು ಹೀಗಲ್ಲ. ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಅಡಿಯಲ್ಲಿ ಜಾರ್ಜಿಯಾ ರಾಜ್ಯ ಮೊದಲಾಗಿ ಇವರ ಸೇವೆಗೆ ಹಣ ಕೊಡಿಸಿತು. 2007ರ ಆಗಸ್ಟ್‌ನಲ್ಲಿ ಒಕ್ಕೂಟ ಸರ್ಕಾರವು ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಮೇಲ್ವಿಚಾರಣೆ, ಆರೈಕೆಯ ಸಮನ್ವಯ, ತರಬೇತಿಯೊಡನೆ ಪ್ರಮಾಣಪತ್ರ ಇವಿಷ್ಟು ಇದ್ದರೆ ಇದನ್ನು ಹಣ ಸಲ್ಲಿಸಬಹುದಾದ ಚಿಕಿತ್ಸಾ ಸೇವೆಯೆಂದೇ ಪರಿಗಣಿಸಬಹುದು ಎಂದಿತು. ಇದು ಅನುದಾನವಲ್ಲ, ಸಲ್ಲಿಸಿದ ಸೇವೆಗೆ ಮರುಪಾವತಿ. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯವರು ಇವರನ್ನು ಸಂಬಳದ ನೌಕರರಾಗಿಯೇ ನೇಮಿಸಿಕೊಳ್ಳುತ್ತಾರೆ. ಮೂರು ಬೇರೆ ಬೇರೆ ಏರ್ಪಾಡುಗಳನ್ನು ಒಂದೇ ‘ಅನುದಾನ’ದೊಳಗೆ ತುರುಕಿದರೆ ಪ್ರಸ್ತಾವನೆ ಓದುವ ಅಧಿಕಾರಿಗೆ ನಾವು ಏನು ಕೇಳುತ್ತಿದ್ದೇವೆಂಬುದೇ ತಿಳಿಯುವುದಿಲ್ಲ.

ನಮ್ಮಲ್ಲಿ ಇದರ ಮೇಲೆ ‘ಗೌರವಧನ’ವೊಂದಿದೆ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ದುಡಿಮೆಯೇ ದಿನಚರಿಯಾದರೂ ಕೈಗೆ ಬರುವುದು ಗೌರವಧನ ಅಥವಾ ಪ್ರೋತ್ಸಾಹಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಾಗ, ಗೌರವಧನವೆಂದು ಕರೆದರೂ ಅದು 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ಹೇಳಬೇಕಾಗಿ ಬಂತು. ಹಾಗಿರುವಾಗ ಸಮಾನುಭವಿಗಳ ವಿಷಯದಲ್ಲಿ ನಾವಾಗಿಯೇ ‘ಸ್ವಯಂಸೇವಕ’, ‘ಗೌರವಧನ’ ಎಂದು ಮೊದಲ ಕಾಗದದಲ್ಲೇ ಬರೆದುಕೊಟ್ಟರೆ ಮುಂದಿನ ವರ್ಷಗಳ ವ್ಯಾಜ್ಯಕ್ಕೆ ನಾವೇ ಬೀಜ ಹಾಕಿದಂತೆ. ಬಳಗದ ಕೆಲವು ಹಿರಿಯರಿಗೆ ಇದು ಒಪ್ಪಿಗೆಯಿಲ್ಲ. ‘ವೇತನ’ ಎಂದು ಬರೆದರೆ ಕಡತ ಮೇಜಿನಿಂದ ಮೇಲೇಳುವುದಿಲ್ಲ ಎನ್ನುತ್ತಾರೆ. ಅವರ ಅನುಭವವನ್ನು ಅಲ್ಲಗಳೆಯಲಾರೆ, ಆದರೂ ಪದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕಾನೂನಿನಲ್ಲಿ ಆಧಾರವಿದೆಯೇ ಎಂದು ನೋಡಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಮಾನಸಿಕ ಕಾಯಿಲೆ ಇರುವವರ ಮತ್ತು ಹಿಂದೆ ಇದ್ದವರ ಪ್ರತಿನಿಧಿಗಳಿಗೆ ಪ್ರಾಧಿಕಾರಗಳಲ್ಲಿ ಸ್ಥಾನ ಕೊಟ್ಟಿದೆ. ಆದರೆ ಅದು ಹೆಸರಿಸುವ ವೃತ್ತಿಪರರ ಸಾಲಿನಲ್ಲಿ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ದಾದಿಯರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಇದ್ದಾರೆ, ಇವರಿಲ್ಲ. ಸಭೆಯಲ್ಲಿ ಕುರ್ಚಿಯಿದೆ, ಹುದ್ದೆಯಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಾಗಿಯೂ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇಕಡಾ 70ರಿಂದ 92ರವರೆಗೆ ಇದ್ದುದನ್ನು ನೆನೆದರೆ, ವೈದ್ಯರ ಸಂಖ್ಯೆಯೊಂದನ್ನೇ ಹೆಚ್ಚಿಸಿ ಇದನ್ನು ತುಂಬಲಾಗದು ಎಂಬ ಬಳಗದ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ನನಗೆ ಹೆಚ್ಚು ಉಪಯುಕ್ತವಾಗಿ ಕಂಡ ನಿದರ್ಶನ ನಮ್ಮ ರಾಜ್ಯದ್ದೇ. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಊರಿನವರ ಬಾಯಲ್ಲಿ ‘ವಿಆರ್‌ಡಬ್ಲ್ಯು’ಗಳು, ಸ್ವತಃ ಅಂಗವಿಕಲರು, ತಮ್ಮಂಥವರಿಗೆ ಪಿಂಚಣಿ, ಗುರುತಿನ ಚೀಟಿ, ಸಲಕರಣೆ ಕೊಡಿಸಲು ಓಡಾಡುತ್ತಾರೆ. ಸಮಾನ ಅನುಭವವೇ ನೇಮಕದ ಅರ್ಹತೆಯಾಗಬಲ್ಲದೆಂದು ಸರ್ಕಾರ ಈಗಾಗಲೇ ಒಪ್ಪಿಕೊಂಡಿದೆ ಎಂದಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿರುವುದರಿಂದ, ಅದೇ ಮಾದರಿಯಲ್ಲಿ ‘ಸಮಾನುಭವಿ ಕಾರ್ಯಕರ್ತ’ ಎಂದರೆ ಕಚೇರಿಗೆ ಹೊಸದೆನಿಸದು. ಆ ಕಾರ್ಯಕರ್ತರಿಗೂ ದೊರೆಯುತ್ತಿರುವುದು ಗೌರವಧನವೇ ಎಂಬ ಮುಳ್ಳು ಮಾತ್ರ ಅದರಲ್ಲೇ ಇದೆ.

ಬಲ್ಲವರಲ್ಲಿ ಕೇಳಿಕೊಳ್ಳುವುದಿಷ್ಟು. ‘ಸಮಾನುಭವಿ ಕಾರ್ಯಕರ್ತ’ ಎಂಬುದು ಓದಲು ತೊಡರುತ್ತದೆಯೇ, ಇದಕ್ಕಿಂತ ತಿಳಿಯಾದ ಅಚ್ಚಗನ್ನಡದ ಮಾತು ನಿಮ್ಮ ಕಡೆ ಇದೆಯೇ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದದ್ದರಿಂದ, ಆ ಕಡೆಯವರು ಅಲ್ಲಿನ ಬಳಕೆಯನ್ನು ತಿಳಿಸಿದರೆ ವಿಶೇಷ ಉಪಕಾರವಾದೀತು. ಮತ್ತು ಲೆಕ್ಕಪತ್ರ ಬಲ್ಲವರು, ಕಾಯಂ ಹುದ್ದೆಯಲ್ಲದ ಆದರೆ ವರ್ಷ ವರ್ಷವೂ ನಿಲ್ಲದೆ ಬರಬೇಕಾದ ಸಂಬಳದ ಹಣಕ್ಕೆ, ಗೌರವಧನವೂ ಅನುದಾನವೂ ಅಲ್ಲದ, ಲೆಕ್ಕ ಶೀರ್ಷಿಕೆಯಲ್ಲಿ ಸಲ್ಲುವ ಪದವೇನೆಂದು ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ಹಾಸನದಿಂದ ಒಬ್ಬ ಸದಸ್ಯ