ನಂಜುಂಡಿಯ ಫಾರಿನ್ ಒಲೆ

"ಆರು ಸಾವಿರ ಕಣೋ! ಬರೀ ಆರು ಸಾವಿರ!" ಅಂತ ನಂಜುಂಡಿ ಮೂರನೇ ಸಲ ಹೇಳಿದ.

ತುಮಕೂರಿನ ಎಸ್.ಎಸ್. ಪುರಂನ ಅವನ ಮನೆ ವರಾಂಡದಲ್ಲಿ ಎಂದಿನಂತೆ ಸೇರಿದ್ದೆವು. ಆದರೆ ಎಂದಿನಂತೆ ಕಾಲು ಚಾಚಿ ಕೂರಲು ಜಾಗ ಇರಲಿಲ್ಲ. ಮಧ್ಯದಲ್ಲಿ ಒಲೆ ನಿಂತಿತ್ತು. ಅದನ್ನು ಒಲೆ ಅನ್ನಬೇಕೋ ಬೀರು ಅನ್ನಬೇಕೋ! ಸೊಂಟದೆತ್ತರ ಇದೆ. ಮೇಲೆ ಕರೀ ಗಾಜು, ಗಾಜಿನ ಮೇಲೆ ನಾಲ್ಕು ಸುತ್ತು, ಕೆಳಗೆ ಕೋಳಿ ಗೂಡಿನಂಥ ಓವನ್, ಹಿಂದಿನ ಪಟ್ಟಿಯಲ್ಲಿ ಒಂದು ಗಡಿಯಾರ. ಅಮೆರಿಕ ಬಿಟ್ಟು ಬೆಂಗಳೂರಿಗೆ ವಾಪಸ್ಸಾದವರು ಯಾರೋ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತಂದಿದ್ದರಂತೆ. ಫೋನಿನಲ್ಲಿ ಹುಡುಕಿ ಕೊಡಿಸಿದ್ದು ಸೀನ.

ಸೀನನ ಈ ಹುಚ್ಚು ಹೊಸದಲ್ಲ. ಹೋದ ವರ್ಷ ಹೀಗೇ ಫಾರಿನ್ನಿನ ಹುಲ್ಲು ಕತ್ತರಿಸುವ ಮಿಷನ್ ತಂದ. ಅವನ ಮನೆ ಮುಂದೆ ಇರುವುದು ಎರಡು ತುಳಸಿ ಕುಂಡ.

"ಇಂಥದ್ದು ಹೊಸದು ತಗೊಂಡ್ರೆ ಲಕ್ಷ ಆಗುತ್ತೆ, ಗೊತ್ತಾ?" ಅಂದ ಸೀನ.

"ಆನೆಗೂ ಲಕ್ಷಗಟ್ಟಲೆ ಆಗುತ್ತೆ. ಆರು ಸಾವಿರಕ್ಕೆ ಒಂದು ಹಳೇ ಆನೆ ಸಿಕ್ತು ಅಂತ ಮನೆಗೆ ಹೊಡ್ಕೊಂಡು ಬರ್ತಾರೇನೋ?" ಅಂದೆ.

ಮೇಷ್ಟ್ರು ನಕ್ಕರು. ನಂಜುಂಡಿ ನಗಲಿಲ್ಲ.

ಅಷ್ಟರಲ್ಲಿ ವೈರ್‌ಮನ್ ಬಾಷಾ ಬಂದ. ಒಲೆಯ ಹಿಂದೆ ಟಾರ್ಚು ಬಿಟ್ಟು ನೋಡಿದ. ತುಂಬಾ ಹೊತ್ತು ಮಾತಾಡಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಸುಮ್ಮನಾದರೆ ಮನೆಯವರಿಗೆ ಹೇಗಾಗುತ್ತೆ, ಹಾಗಾಯಿತು ನಂಜುಂಡಿಗೆ.

"ಸಾರ್, ಇದಕ್ಕೆ ನಾಲ್ಕು ವೈರ್ ಇದೆ. ಎರಡು ಫೇಸು, ಒಂದು ನ್ಯೂಟ್ರಲ್, ಒಂದು ಅರ್ಥು."

ಮೇಷ್ಟ್ರಿಗೆ ಇಷ್ಟು ಸಾಕಾಗಿತ್ತು. ರಿಟೈರಾದ ಮೇಲೆ ಅವರಿಗೆ ಕ್ಲಾಸು ಸಿಗುವುದೇ ಅಪರೂಪ. "ನೋಡಿ, ಅಲ್ಲಿ ಮನೆಗೆ 120 ವೋಲ್ಟಿನ ಎರಡು ಲೈನ್ ಬರುತ್ತೆ. ಎರಡರ ಮಧ್ಯೆ 240. ಒಲೆ ಕಾಯೋದು ಅದರಲ್ಲಿ. ಗಡಿಯಾರಕ್ಕೂ ಓವನ್ ಒಳಗಿನ ದೀಪಕ್ಕೂ 120 ಮಾತ್ರ. ನಮ್ಮಲ್ಲಿ ಒಂದೇ ಲೈನಿನಲ್ಲಿ 230 ಬರುತ್ತೆ. ಹಾಗಾಗಿ ಒಲೆ ಏನೋ ಕಾಯುತ್ತೆ, ಗಡಿಯಾರ ಸುಟ್ಟು ಹೋಗುತ್ತೆ."

"ಗಡಿಯಾರ, ದೀಪಕ್ಕೆ ಬೇರೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕೋಣ ಸಾರ್," ಅಂದ ಬಾಷಾ. "ಅದಲ್ಲ ವಿಷಯ. ನಾಲ್ಕೂ ಒಲೆ, ಓವನ್ ಒಟ್ಟಿಗೆ ಹಾಕಿದ್ರೆ 12 ಕಿಲೋವ್ಯಾಟ್ ಎಳೆಯುತ್ತೆ. ನಿಮ್ಮ ಮೀಟರಿಗೆ ಮಂಜೂರಾಗಿರೋದು 3."

"12 ಅಂದ್ರೆ ಎಷ್ಟು?" ಅಂದ ನಂಜುಂಡಿ.

"5 ಎಚ್‌ಪಿ ಬೋರ್‌ವೆಲ್ ಮೋಟಾರ್ ಮೂರು," ಅಂದರು ಮೇಷ್ಟ್ರು.

"ಅಂದ್ರೆ ಮೂರು ತೋಟಕ್ಕೆ ನೀರು ಬಿಡೋ ಕರೆಂಟಿನಲ್ಲಿ ನೀನು ಒಂದು ಒಗ್ಗರಣೆ ಹಾಕ್ತೀಯ," ಅಂದೆ ನಾನು. "ಬೀದಿ ಟ್ರಾನ್ಸ್‌ಫಾರ್ಮರ್ ಢಂ ಅಂದರೆ ಯಾರ ಮನೇಲಿ ಏನು ಅಡುಗೆ ಅಂತ ಊರಿಗೆಲ್ಲ ಗೊತ್ತಾಗುತ್ತೆ."

ಒಂದೇ ಒಂದು ಒಲೆ ಮಾತ್ರ ಹಾಕುವುದು ಅಂತ ಇತ್ಯರ್ಥವಾಯಿತು. ಅದು ಎರಡೂವರೆ ಕಿಲೋವ್ಯಾಟ್. ಅದು ಉರಿಯುವಾಗ ಗೀಸರ್ ಹಾಕುವ ಹಾಗಿಲ್ಲ. ಸ್ನಾನ ಬೇಕಾದರೆ ಊಟ ಇಲ್ಲ, ಊಟ ಬೇಕಾದರೆ ಸ್ನಾನ ಇಲ್ಲ. ದಿನಕ್ಕೆ ಒಂದು ಗಂಟೆ ಉರಿದರೂ ತಿಂಗಳಿಗೆ 75 ಯೂನಿಟ್. ಇಲ್ಲಿ ನಂಜುಂಡಿಯ ಮುಖ ನಿಜವಾಗಿ ಇಳಿಯಿತು. ಗೃಹಜ್ಯೋತಿ ಬಂದಾಗಿನಿಂದ ಅವನ ಮನೆಗೆ ಸೊನ್ನೆ ಬಿಲ್ಲು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲುಗಳನ್ನು ಪಿನ್ನು ಹೊಡೆದು ಫೈಲಿನಲ್ಲಿ ಇಟ್ಟುಕೊಂಡಿರುವ ಮನುಷ್ಯ ಅವನು.

"ನೋಡು, ಆನೆ ಬಂದಿದೆ. ಇನ್ನು ಮೇವು, ಸರಪಳಿ, ಮಾವುತ ಎಲ್ಲಾ ಒಂದೊಂದೇ ಬರುತ್ತೆ," ಅಂದೆ.

ಬಂದವು. ಸರಪಳಿ ಅಂದರೆ 6 ಸ್ಕ್ವೇರ್ ಎಂಎಂ ವೈರು, ಮೀಟರ್ ಬೋರ್ಡಿನಿಂದ ಅಡುಗೆಮನೆವರೆಗೆ. ಗೀಸರಿಗೆ ಹಾಕಿದ್ದ ತೆಳ್ಳಗಿನ ವೈರಿನಿಂದಲೇ ಎಳೆದುಬಿಡೋಣ ಅಂದ ಸೀನ. ಬಾಷಾ ಅವನನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ಸತ್ತಿತು. ಆಮೇಲೆ ಲೋಡು ಜಾಸ್ತಿಯಾದರೆ ತಾನೇ ಆಫ್ ಆಗುವ 32 ಆಂಪಿಯರಿನ ಎಂಸಿಬಿ. ಆಮೇಲೆ ಶಾಕ್ ಹೊಡೆದರೆ ಕರೆಂಟು ಕಡಿಯುವ ಆರ್‌ಸಿಸಿಬಿ. ಕೊನೆಗೆ ಅರ್ಥಿಂಗ್. ಹಳೆಯ ಮನೆ, ಅರ್ಥ್ ವೈರು ಗೋಡೆಯೊಳಗೆ ಎಲ್ಲೋ ತುಂಡಾಗಿದೆ. ತುಳಸಿಕಟ್ಟೆ ಪಕ್ಕ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದರು. ಮಂಡಿಪೇಟೆಯಿಂದ ಒಂದು ಮೂಟೆ ಕಲ್ಲುಪ್ಪು ಬಂತು.

"ಬೇಸಿಗೇಲಿ ಒಣಗೋಕೆ ಬಿಡಬೇಡಿ ಅಮ್ಮ, ನೀರು ಹಾಕ್ತಾ ಇರಿ," ಅಂತ ಹೇಳಿ ಹೋದ ಬಾಷಾ. ಅಂದಿನಿಂದ ನಂಜುಂಡಿಯ ಹೆಂಡತಿ ಗಿರಿಜಕ್ಕ ಬೆಳಗ್ಗೆ ತುಳಸಿಗೆ ಒಂದು ಚೊಂಬು, ಅರ್ಥಿಂಗಿಗೆ ಒಂದು ಚೊಂಬು ನೀರು ಹಾಕುತ್ತಾರೆ. ಅರ್ಥಿಂಗಿಗೆ ಕುಂಕುಮ ಇಟ್ಟಿಲ್ಲ, ಅಷ್ಟೇ.

ಒಟ್ಟು ಎಷ್ಟಾಯಿತು ಅಂತ ನಾವು ಕೇಳಲಿಲ್ಲ. ನಂಜುಂಡಿ ಆಮೇಲೆ "ಆರು ಸಾವಿರ ಕಣೋ" ಅನ್ನುವುದನ್ನು ನಿಲ್ಲಿಸಿದ. ಅದರಲ್ಲೇ ಗೊತ್ತಾಯಿತು.

ಮುಂದಿನ ಭಾನುವಾರ ಸಂಜೆ ಆರಕ್ಕೆ ಒಲೆಗೆ ಕರೆಂಟು ಕೊಟ್ಟರು. ಮೊದಲು ಗಡಿಯಾರ ಮಿಣುಕಿತು. ನಾನೇ ಗುಂಡಿ ಒತ್ತಿ ಆರು ಗಂಟೆಗೆ ಇಟ್ಟೆ. ಆಮೇಲೆ ಕರೀ ಗಾಜಿನೊಳಗೆ ಕೆಂಪಾಯಿತು. ಎಲ್ಲರೂ ಚಪ್ಪಾಳೆ ಹೊಡೆದೆವು.

"ನಮ್ಮ ಕಾಲದ ಕಾಯಿಲ್ ಒಲೆ ಹಾಗೇ ಇದೆ," ಅಂದರು ಮೇಷ್ಟ್ರು. ಓದುವಾಗ ಬಾಡಿಗೆ ರೂಮಿನಲ್ಲಿ ಅವರದೊಂದು ಇತ್ತಂತೆ. ಮಣ್ಣಿನ ಬಿಲ್ಲೆ, ಅದರ ಕೊರಕಲಿನಲ್ಲಿ ಸುರುಳಿ ತಂತಿ. ತಂತಿ ತುಂಡಾದರೆ ಎಳೆದು ತಿರುಚಿ ಗಂಟು ಹಾಕುವುದು. ಮನೆ ಓನರ್ ಬಾಗಿಲು ತಟ್ಟುತ್ತಿರಲಿಲ್ಲ, ಸೀದಾ ಹೋಗಿ ಮೀಟರಿನ ಮುಂದೆ ನಿಲ್ಲುತ್ತಿದ್ದರು. ಒಳಗಿನ ಚಕ್ರದ ಕೆಂಪು ಗುರುತು ಗಿರಗಿರ ಸುತ್ತಿದರೆ, "ಏನ್ರೀ, ಅನ್ನ ಆಯ್ತಾ?" ಅಂತ ಹೊರಗಿನಿಂದಲೇ ಕೂಗುತ್ತಿದ್ದರು.

ಗಿರಿಜಕ್ಕ ಎಸರು ಇಟ್ಟರು. ಮುದ್ದೆಯಾಗದೆ ತುಮಕೂರಿನಲ್ಲಿ ಒಲೆ ಪಾಸಾಗುವುದುಂಟೇ? ಎಸರು ಕುದಿಯಿತು, ಹಿಟ್ಟು ಬಿತ್ತು, ಕೋಲು ಇಳಿಯಿತು. ತೊಳಸಲು ಶುರು ಮಾಡಿದರೆ ಕೋಲಿನ ಜೊತೆ ಪಾತ್ರೆಯೂ ತಿರುಗಿತು. ನಂಜುಂಡಿ ಬಟ್ಟೆಯಲ್ಲಿ ಒಂದು ಕಡೆ ಹಿಡಿದ, ಸೀನ ಇನ್ನೊಂದು ಕಡೆ ಹಿಡಿದ. ಗಾಜಿನ ಮೇಲೆ ಮುದ್ದೆ ತೊಳಸುವುದು ಅಂದರೆ ಎಣ್ಣೆ ಚೆಲ್ಲಿದ ನೆಲದಲ್ಲಿ ಕಬಡ್ಡಿ ಆಡಿದ ಹಾಗೆ.

"ಮೆಲ್ಲಗೆ, ಗಾಜು ಒಡೆಯುತ್ತೆ!" ಅಂದ ಸೀನ.

"ಮೆಲ್ಲಗೆ ತೊಳಸಿದರೆ ಅದು ಮುದ್ದೆ ಅಲ್ಲ, ಅಂಬಲಿ," ಅಂದರು ಗಿರಿಜಕ್ಕ. ಪಾತ್ರೆ ಇಳಿಸಿ, ನೆಲದ ಮೇಲಿಟ್ಟು, ಎರಡೂ ಪಾದದಲ್ಲಿ ಒತ್ತಿ ಹಿಡಿದು ನಾಲ್ಕು ಸುತ್ತು ತಿರುವಿದರು. ಮುದ್ದೆ ಆಯಿತು. ಹೊಸ ಒಲೆ ಮೇಲಿನಿಂದ ಸುಮ್ಮನೆ ಕೆಂಪಗೆ ನೋಡುತ್ತಿತ್ತು.

ಊಟ ಮುಗಿಸಿ ಏಳುವ ಹೊತ್ತಿಗೆ ಎಂಟು ಗಂಟೆ. ಒಲೆಯ ಗಡಿಯಾರದಲ್ಲಿ ಎಂಟಕ್ಕೆ ಇಪ್ಪತ್ತು ನಿಮಿಷ ಇತ್ತು.

"ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತೆ, ನಮ್ಮದು 50," ಅಂದರು ಮೇಷ್ಟ್ರು. "ಗಡಿಯಾರ ಆ ಮಿಡಿತವನ್ನೇ ಎಣಿಸೋದು. ಅದಕ್ಕೇ ಗಂಟೆಗೆ 10 ನಿಮಿಷ ಹಿಂದೆ. ದಿನಕ್ಕೆ 4 ಗಂಟೆ. ಮೂರು ದಿನಕ್ಕೆ 12 ಗಂಟೆ ಹಿಂದೆ ಬಿದ್ದು ಮತ್ತೆ ಸರಿಯಾದ ಟೈಮಿಗೇ ಬರುತ್ತೆ."

"ಅಂದ್ರೆ ಮೂರು ದಿನಕ್ಕೊಂದು ಸಲ. ನಮ್ಮ ನಲ್ಲಿ ನೀರಿನ ಲೆಕ್ಕವೇ," ಅಂದೆ. ಸೀನ ಕೂಡ ನಕ್ಕ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಆ ಕಡೆ ಹೋಗಿದ್ದೆ. ನಂಜುಂಡಿ ಹಾಲು ತರಲು ಹೋಗಿದ್ದ. ಅಡುಗೆಮನೆಯಲ್ಲಿ ಕರೀ ಗಾಜಿನ ಮೇಲೆ ಹಳೆಯ ಗ್ಯಾಸ್ ಸ್ಟೌ ಕೂತಿತ್ತು, ಅದರ ಮೇಲೆ ಕಾಫಿ ಕಾಯುತ್ತಿತ್ತು. ಆನೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತಲ್ಲ ಅನ್ನಬೇಕು ಅಂದುಕೊಂಡೆ. ಗಿರಿಜಕ್ಕ ಕೆಳಗೆ ಕೂತು ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಿದ್ದರು. ನೆನೆದ ಕಾಳು ಒತ್ತಿದರೆ ಬೇಳೆ ಪುಳಕ್ ಅಂತ ಬೋಗುಣಿಗೆ ಹಾರುತ್ತಿತ್ತು. ಒಲೆಯ ಗಡಿಯಾರದಲ್ಲಿ ಹತ್ತೂವರೆ.

"ಗಡಿಯಾರ ಸರಿ ಮಾಡಲಾ ಅಕ್ಕ?"

"ಬೇಡ ಬಿಡಿ ಅಣ್ಣ. ಈಗ ಸರಿಯಾಗೇ ಇದೆ." ಅವರು ತಲೆ ಎತ್ತಲಿಲ್ಲ. "ನ್ಯೂಜೆರ್ಸಿಯಲ್ಲಿ ಈಗ ರಾತ್ರಿ ಹತ್ತೂವರೆ. ಮಗಳ ಬಾಣಂತನಕ್ಕೆ ಹೋಗಿದ್ದಾಗ ಇಂಥದೇ ಒಲೆ ಮುಂದೆ ಆರು ತಿಂಗಳು ನಿಂತಿದ್ದೆ. ಅವರು ಸುಮ್ನೆ ತಂದಿದ್ದಲ್ಲ ಇದನ್ನ."

ಆನೆಯ ಮಾತು ನುಂಗಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಈ ಟೈಮೂ ತಪ್ಪುತ್ತೆ ಅಂತಲೂ ಹೇಳಲಿಲ್ಲ.

"ಮಗು ಮಲಗಿರುತ್ತೆ. ಇವಳು ಎದ್ದಿರ್ತಾಳೋ ಏನೋ," ಅಂತ ಗಿರಿಜಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನ್ ಎತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಕೆಳಗಿಟ್ಟರು.

"ಕಾಫಿ ಉಕ್ತಾ ಇದೆ, ಸ್ವಲ್ಪ ಆರಿಸಿ ಅಣ್ಣ," ಅಂದರು.