ಸಂಬಳದ ಕೆಲಸ ಬಿಟ್ಟು ಬ್ಲಾಗ್ ನಂಬಿಕೊಳ್ಳಬಹುದಾ?

ಇರುಳುಗಣ್ಣು:

ನಾನು ಸಾಫ್ಟ್‌ವೇರ್ ಟೆಸ್ಟರ್. ಹಗಲು ಆ ಕೆಲಸ, ರಾತ್ರಿ ಆಕಾಶ ನೋಡುವ ಹುಚ್ಚು. ಕೆಲವು ವರ್ಷಗಳಿಂದ ಅದರ ಬಗ್ಗೆಯೇ ಬ್ಲಾಗ್ ಬರೆಯುತ್ತಿದ್ದೇನೆ. ಯಾವ ಬೈನಾಕ್ಯುಲರ್ ಕೊಳ್ಳಬೇಕು, ಉಲ್ಕಾಪಾತ ಯಾವಾಗ, ಶನಿಯ ಉಂಗುರ ನೋಡಲು ಎಂಥ ಟೆಲಿಸ್ಕೋಪ್ ಬೇಕು, ಇಂಥದ್ದು.

ಜಾಹೀರಾತು, ಅಫಿಲಿಯೇಟ್ ಲಿಂಕ್ (ಅದನ್ನು ಒತ್ತಿ ಯಾರಾದರೂ ವಸ್ತು ಕೊಂಡರೆ ನನಗೆ ಕಮಿಷನ್) ಎರಡೂ ಸೇರಿ ಈಗ ನನ್ನ ಸಂಬಳದ ಐದನೇ ಒಂದು ಭಾಗದಷ್ಟು ಬರುತ್ತಿದೆ. ಇದಕ್ಕೆ ನಾನು ಕೊಡುತ್ತಿರುವುದು ವಾರಕ್ಕೆ ಒಂದು ದಿನ. ಐದು ದಿನ ಕೊಟ್ಟರೆ ಸಂಬಳದಷ್ಟೇ ಬರಬೇಕು ಅಲ್ವಾ? ಎಂಟು ತಿಂಗಳ ಖರ್ಚಿಗೆ ಆಗುವಷ್ಟು ಉಳಿತಾಯ ಇದೆ. ಮನೆಯಲ್ಲಿ ಬೇಡ ಅಂದಿಲ್ಲ. ಆದರೆ ಖುಷಿಯಿಂದ ಹೂಂ ಅಂತಲೂ ಅಂದಿಲ್ಲ.

ಕೆಲಸ ಬಿಟ್ಟು ಇದನ್ನೇ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಕನಸಿನ ಬೆನ್ನು ಹತ್ತಿ ಅನ್ನುವ ಉತ್ತರ ಬೇಡ. ಅದನ್ನು ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಸೋಮಾರಿ ಓದುಗ:

ಬ್ಲಾಗ್ ಈಗ ಯಾರು ಓದುತ್ತಾರೆ ಸಾರ್? ಸುಮ್ನೆ ಒಂದು ವಿಡಿಯೋ ಚಾನೆಲ್ ಶುರು ಮಾಡಿ.

ಖಾತೆಪುಸ್ತಕ:

ವಿಡಿಯೋ ವಿಷಯ ಪಕ್ಕಕ್ಕಿಡಿ. ಬರೆಯಲು ಬರುವವರಿಗೆಲ್ಲ ಕ್ಯಾಮೆರಾ ಮುಂದೆ ಮಾತಾಡಲು ಬರಬೇಕು ಅಂತೇನಿಲ್ಲ.

ನಾನು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು. ಎಕ್ಸೆಲ್ ಬಗ್ಗೆ ಬ್ಲಾಗ್ ಬರೆಯುತ್ತಾ ಕೆಲಸ ಬಿಟ್ಟೆ, ಮತ್ತೆ ಸಂಬಳಕ್ಕೆ ಹೋಗಿಲ್ಲ. ಹಾಗಾಗಿ ಆಗುವುದೇ ಇಲ್ಲ ಅಂತ ಹೇಳಲಾರೆ. ಆದರೆ ನಿಮ್ಮ ಐದು ಪಟ್ಟಿನ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಕಚೇರಿಯಲ್ಲಿ ದಿನ ಎಣಿಸಿ ದುಡ್ಡು ಕೊಡುತ್ತಾರೆ. ಓದುಗರು ಹಾಗೆ ಬರುವುದಿಲ್ಲ. ನಿಮ್ಮ ಅಂಕಿಅಂಶದ ಪುಟ ತೆಗೆದು ನೋಡಿ. ಬರುವವರಲ್ಲಿ ಹೆಚ್ಚಿನವರು ಬೆರಳೆಣಿಕೆಯ ಹಳೆಯ ಲೇಖನಗಳಿಗೇ ಬರುತ್ತಿರುತ್ತಾರೆ. ನನ್ನಲ್ಲಿ ವಿಲುಕಪ್ ಮತ್ತು ಪಿವಟ್ ಟೇಬಲ್ ಎಂಬ ಎಕ್ಸೆಲ್ ಸೌಲಭ್ಯಗಳ ಮೇಲೆ ಬರೆದ ಎರಡು ಲೇಖನಗಳೇ ಅರ್ಧ ಓದುಗರನ್ನು ತರುತ್ತಿದ್ದವು. ಕೆಲಸ ಬಿಟ್ಟ ಮೇಲೆ ನಾನು ಹಿಂದೆಂದಿಗಿಂತ ಜಾಸ್ತಿ ಬರೆದೆ. ಆದಾಯ ಮಾತ್ರ ತನ್ನ ಪಾಡಿಗೆ ತಾನು ನಿಧಾನವಾಗಿ ಏರಿತು. ಕಾರಣ ಸರಳ. ಒಂದು ವಿಷಯದಲ್ಲಿ ತುಂಬಾ ಜನ ಹುಡುಕುವ ಪ್ರಶ್ನೆಗಳು ಕೆಲವೇ ಇರುತ್ತವೆ. ಅವನ್ನು ನೀವು ಬಿಡುವಿನ ದಿನಗಳಲ್ಲೇ ಬರೆದು ಮುಗಿಸಿರುತ್ತೀರಿ. ಉಳಿದ ನಾಲ್ಕು ದಿನ ಕೂತು ಬರೆಯುವುದು ಅಷ್ಟಾಗಿ ಯಾರೂ ಹುಡುಕದ ವಿಷಯಗಳ ಬಗ್ಗೆ.

ಇನ್ನು ನಿಮ್ಮ ವಿಷಯಕ್ಕೇ ಅಂಟಿಕೊಂಡ ತೊಡಕು ಒಂದಿದೆ. ಆಕಾಶದಲ್ಲಿ ಏನಾದರೂ ನಡೆದರೆ ಮಾತ್ರ ಜನಕ್ಕೆ ಆಕಾಶದ ನೆನಪಾಗುತ್ತದೆ. 2020ರ ಜುಲೈನಲ್ಲಿ ನಿಯೋವೈಸ್ ಧೂಮಕೇತು ಕಂಡಾಗ, ಅದೇ ವರ್ಷ ಡಿಸೆಂಬರ್ 21ರಂದು ಗುರು ಶನಿ ಅಂಟಿಕೊಂಡಂತೆ ಕಂಡಾಗ, ನಿಮ್ಮಂಥವರ ಬ್ಲಾಗಿಗೆ ಜನ ನುಗ್ಗಿರುತ್ತಾರೆ. ಮುಂದಿನ ವಾರ ಯಾರೂ ಇಲ್ಲ. ಐದನೇ ಒಂದು ಭಾಗ ಅಂದಿರಲ್ಲ, ಅದು ಸರಾಸರಿಯಾ, ಒಳ್ಳೆಯ ತಿಂಗಳಿನದಾ? ಕಳೆದ ಹನ್ನೆರಡು ತಿಂಗಳಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳು ಆರಿಸಿ, ಅವುಗಳ ಸರಾಸರಿ ತೆಗೆಯಿರಿ. ಲೆಕ್ಕ ಅದರ ಮೇಲೆ ಹಾಕಿ. ಜಾಹೀರಾತಿನ ದರ ಕೂಡ ವರ್ಷದ ಕೊನೆಯಲ್ಲಿ ಏರಿ ಜನವರಿಯಲ್ಲಿ ಧೊಪ್ಪಂತ ಬೀಳುತ್ತದೆ. ಡಿಸೆಂಬರಿನ ದುಡ್ಡು ನೋಡಿ ರಾಜೀನಾಮೆ ಬರೆಯಬೇಡಿ.

ಅಫಿಲಿಯೇಟ್ ಕಮಿಷನ್ ಅಂತೂ ಪೂರ್ತಿ ಬೇರೆಯವರ ಕೈಯಲ್ಲಿರುವುದು. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಹಲವು ವಿಭಾಗಗಳ ದರ ಇಳಿಸಿತು. ಪೀಠೋಪಕರಣಕ್ಕೆ ಶೇ 8 ಇದ್ದದ್ದು ಶೇ 3 ಆಯಿತು. ಅದನ್ನೇ ನಂಬಿದ್ದವರು ತಮ್ಮ ಲೇಖನದಲ್ಲಿ ಒಂದಕ್ಷರ ಬದಲಿಸಿರಲಿಲ್ಲ. ಗಳಿಕೆ ಮಾತ್ರ ಅರ್ಧಕ್ಕಿಂತ ಕೆಳಗೆ ಹೋಯಿತು.

ಹಾಗಾದರೆ ನಾನು ಹೇಗೆ ಬದುಕುತ್ತಿದ್ದೇನೆ ಅಂತ ಕೇಳಬಹುದು. ನನಗೆ ಜಾಹೀರಾತಿನಿಂದ ಬರುವುದು ಸಣ್ಣ ಪಾಲು. ದೊಡ್ಡದು ಟೆಂಪ್ಲೇಟ್, ಅಂದರೆ ಸಿದ್ಧ ಎಕ್ಸೆಲ್ ಹಾಳೆಗಳ ಮಾರಾಟ, ಮತ್ತೆ ಕಂಪನಿಗಳ ಸಿಬ್ಬಂದಿಗೆ ಕೊಡುವ ತರಬೇತಿ. ಬ್ಲಾಗ್ ಓದಿದವರೇ ಕರೆಯುತ್ತಾರೆ. ಬ್ಲಾಗ್ ಅಂಗಡಿಯ ಬೋರ್ಡ್ ಇದ್ದ ಹಾಗೆ. ಬೋರ್ಡ್ ಓದಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ. ಒಳಗೆ ಮಾರಲು ಏನಿಟ್ಟಿದ್ದೀರಿ?

ಕೆಲಸದಲ್ಲಿ ಇರುವಾಗಲೇ ಇದನ್ನು ಪರೀಕ್ಷೆ ಮಾಡಿ. ಮುಂದಿನ ವರ್ಷದ ಆಕಾಶದ ಕ್ಯಾಲೆಂಡರ್ ಮಾಡಿ ಪಿಡಿಎಫ್ ಮಾರಿ. ಇಲ್ಲವೇ ಮೊದಲ ಟೆಲಿಸ್ಕೋಪ್ ಕೊಳ್ಳುವವರಿಗೆ ಫೋನಿನಲ್ಲಿ ಅರ್ಧ ಗಂಟೆ ಸಲಹೆ ಕೊಟ್ಟು ಶುಲ್ಕ ಕೇಳಿ. ತುಂಬಾ ಉಪಯುಕ್ತ ಲೇಖನ ಅಂತ ಕಾಮೆಂಟ್ ಹಾಕಿದವರಲ್ಲಿ ಎಷ್ಟು ಜನ ಜೇಬಿಗೆ ಕೈ ಹಾಕುತ್ತಾರೆ ನೋಡಿ. ಸ್ವಲ್ಪ ಬೇಜಾರಾಗುತ್ತದೆ. ಸಂಬಳ ಬರುತ್ತಿರುವಾಗಲೇ ಆ ಬೇಜಾರು ಮುಗಿದರೆ ಒಳ್ಳೆಯದು.

ಹಳೇ ಕೊಂಡಿ:

ಮೇಲಿನವರ ಮಾತಿಗೆ ಎರಡು ಹಳೆಯ ಉದಾಹರಣೆ ಸೇರಿಸುತ್ತೇನೆ. ಅಮೆರಿಕದ ಜೇಸನ್ ಕಾಟ್ಕೆ 1998ರಿಂದ ಬ್ಲಾಗ್ ಬರೆಯುತ್ತಿದ್ದವರು. 2005ರ ಫೆಬ್ರವರಿಯಲ್ಲಿ ವೆಬ್ ಡಿಸೈನ್ ಕೆಲಸ ಬಿಟ್ಟು, ಜಾಹೀರಾತು ಹಾಕಲ್ಲ, ಓದುಗರೇ ನಡೆಸಿಕೊಡಿ ಅಂದರು. ಸುಮಾರು 1,450 ಜನ 39,900 ಡಾಲರ್ ಕೊಟ್ಟರು. ಅಷ್ಟು ಹೆಸರು ಮಾಡಿದವರೂ ಒಂದು ವರ್ಷದ ನಂತರ ಆ ಪ್ರಯೋಗ ಮುಂದುವರಿಸಲಿಲ್ಲ. ಆಮೇಲೆ ಜಾಹೀರಾತು ಬಂತು, 2016ರಲ್ಲಿ ಸದಸ್ಯತ್ವ ಶುರುವಾಯಿತು. ಬ್ಲಾಗ್ ಉಳಿಯಿತು, ದುಡ್ಡಿನ ದಾರಿ ಮತ್ತೆ ಮತ್ತೆ ಬದಲಾಯಿತು.

ಇನ್ನೊಬ್ಬರು ರಾಜಕೀಯದ ಬಗ್ಗೆ ಬ್ಲಾಗ್ ಬರೆಯುತ್ತಿದ್ದ ಆಂಡ್ರ್ಯೂ ಸಲಿವನ್. 2013ರಲ್ಲಿ ಚಂದಾ ನಂಬಿ ಸ್ವತಂತ್ರರಾದರು, ಸಾವಿರಾರು ಓದುಗರು ಹಣ ಕೊಟ್ಟರು. 2015ರಲ್ಲಿ ನಿಲ್ಲಿಸಿಬಿಟ್ಟರು. ಆಯಾಸ, ಆರೋಗ್ಯ ಅಂತ ಕಾರಣ ಹೇಳಿದರು. ದಿನಾ ಬರೆಯಲೇಬೇಕು ಅನ್ನುವುದು ಹವ್ಯಾಸವಾಗಿದ್ದಾಗ ಗೊತ್ತಾಗುವುದಿಲ್ಲ.

ಈಗಿನ ಇನ್ನೊಂದು ಸಂಗತಿ. ಗೂಗಲ್ 2024ರ ಮೇನಲ್ಲಿ ಅಮೆರಿಕದಿಂದ ಶುರುಮಾಡಿ, ಹುಡುಕಾಟದ ಪುಟದ ಮೇಲ್ಭಾಗದಲ್ಲೇ ಎಐ ಸಾರಾಂಶ ತೋರಿಸುತ್ತಿದೆ. ಗ್ರಹಣ ಎಷ್ಟು ಗಂಟೆಗೆ ಅಂತ ಕೇಳಿದವನಿಗೆ ಅಲ್ಲೇ ಉತ್ತರ ಸಿಕ್ಕರೆ ನಿಮ್ಮ ಪುಟ ಯಾಕೆ ತೆರೆಯುತ್ತಾನೆ?

ಇರುಳುಗಣ್ಣು:

ಲೆಕ್ಕ ಹಾಕಿದೆ. ಕಡಿಮೆ ಬಂದ ಮೂರು ತಿಂಗಳ ಸರಾಸರಿ ಹಿಡಿದರೆ ಐದನೇ ಒಂದಲ್ಲ, ಒಂಬತ್ತನೇ ಒಂದು.

ಎಐ ಬಗ್ಗೆ ಹೇಳಿದ್ದು ಕಣ್ಣಾರೆ ಕಾಣುತ್ತಿದೆ. ತಾರೀಕು, ಸಮಯ ಹೇಳುವ ಲೇಖನಗಳಿಗೆ ಓದುಗರು ಇಳಿದಿದ್ದಾರೆ. 7x50 ಬೈನಾಕ್ಯುಲರ್ (7 ಪಟ್ಟು ದೊಡ್ಡದಾಗಿ ತೋರಿಸುವುದು, ಮುಂದಿನ ಮಸೂರ 50 ಮಿ.ಮೀ.) ಒಳ್ಳೆಯದಾ 10x50 ಒಳ್ಳೆಯದಾ ಅನ್ನುವಂಥವು ಹಾಗೇ ನಿಂತಿವೆ. ಎರಡನ್ನೂ ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು, ತೋಳು ನೋಯಿಸಿಕೊಂಡು ಬರೆದದ್ದು ಅದು. ಎಲ್ಲಕ್ಕಿಂತ ಜಾಸ್ತಿ ಓದುವುದು ಶನಿಯ ಉಂಗುರದ ಲೇಖನ. 2025ರಲ್ಲಿ ಉಂಗುರದ ಅಂಚು ನಮ್ಮ ಕಡೆ ತಿರುಗಿ ಅದು ಗೆರೆಯಷ್ಟು ತೆಳ್ಳಗೆ ಕಂಡಿತಲ್ಲ, ಆಗ ನನ್ನ ಟೆಲಿಸ್ಕೋಪ್ ಕೆಟ್ಟಿದೆಯಾ ಅಂತ ಕೇಳಿ ಎಷ್ಟೊಂದು ಜನ ಬರೆದರು!

ಪೂರ್ತಿ ಬಿಡದೆ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತೇನೆ ಅಂತ ಕಚೇರಿಯಲ್ಲಿ ಕೇಳಿದರೆ ಹೇಗೆ?

ಖಾತೆಪುಸ್ತಕ:

ಕೇಳಿ, ಅದೇ ಸರಿ. ಆದರೆ ಕೇಳುವ ಮುಂಚೆ ನಿಮ್ಮ ನೇಮಕಾತಿ ಒಪ್ಪಂದ ಓದಿ. ಹೊರಗಿನ ಆದಾಯಕ್ಕೆ ಅನುಮತಿ ಬೇಕು ಅನ್ನುವ ಷರತ್ತು ಹಲವು ಒಪ್ಪಂದಗಳಲ್ಲಿ ಇರುತ್ತದೆ. ಅದನ್ನು ಅವರೇ ತೋರಿಸುವ ಮೊದಲು ನಿಮಗೆ ಗೊತ್ತಿರಲಿ.

ಪೂರ್ತಿ ಬಿಡುವುದು ಯಾವಾಗ ಅಂದರೆ, ನೀವೇ ಮಾರುವ ವಸ್ತುವಿನಿಂದ ಬಡ ತಿಂಗಳಲ್ಲೂ ಮನೆಯ ಖರ್ಚು ನೀಗಿದಾಗ. ಸಂಬಳಕ್ಕೆ ಸಮ ಆಗುವುದನ್ನು ಕಾಯಬೇಕಿಲ್ಲ. ಆದರೆ ತೆರಿಗೆ, ಆರೋಗ್ಯ ವಿಮೆ, ಲ್ಯಾಪ್‌ಟಾಪ್ ರಿಪೇರಿ ಎಲ್ಲ ಖರ್ಚಿನಲ್ಲಿ ಸೇರಿಸಿ. ಇಷ್ಟು ದಿನ ಕಂಪನಿ ಕಟ್ಟುತ್ತಿದ್ದುದು ಇನ್ನು ನಿಮ್ಮ ಜೇಬಿನಿಂದ ಹೋಗುತ್ತದೆ. ಹಾಗೆ ಸೇರಿಸಿದರೆ ನಿಮ್ಮ ಎಂಟು ತಿಂಗಳು ಆರಕ್ಕೆ ಇಳಿದರೂ ನನಗೆ ಆಶ್ಚರ್ಯ ಇಲ್ಲ.

ಟೆಲಿಸ್ಕೋಪ್ ಕೆಟ್ಟಿದೆಯಾ ಅಂತ ಬರೆದವರ ಇಮೇಲ್ ಇಟ್ಟುಕೊಂಡಿದ್ದೀರಾ? ಶನಿಯ ಲೇಖನದ ಕೆಳಗೆ ಇಮೇಲ್ ಕೇಳುವ ಪೆಟ್ಟಿಗೆ ಇದೆಯಾ?

ಇರುಳುಗಣ್ಣು:

ಎರಡೂ ಇಲ್ಲ. ಪೆಟ್ಟಿಗೆ ಇವತ್ತೇ ಹಾಕುತ್ತೇನೆ. ಒಪ್ಪಂದ ಎಲ್ಲಿಟ್ಟಿದ್ದೇನೆ ಅಂತ ಹುಡುಕಬೇಕು.