ಅರಬಿ ಶಬ್ದ ಗೊತ್ತು, ಬಾಯಿಗೆ ಬರಲ್ಲ. ಏನ್ ಮಾಡ್ಲಿ?

ಮಲ್ನಾಡ್_ಸಿಸ್ಟರ್:
ಎಲ್ರಿಗೂ ನಮಸ್ಕಾರ. ನಾನು ಸೌದಿಯ ದಮ್ಮಾಮ್‌ನಲ್ಲಿ ಸ್ಟಾಫ್ ನರ್ಸ್, ಬಂದು 4 ತಿಂಗ್ಳಾಯ್ತು. ಊರಲ್ಲಿದ್ದಾಗ್ಲೇ ಒಂದು ಆಪ್ ಹಾಕ್ಕೊಂಡು ದಿನಾ ಕಲೀತಿದ್ದೆ, ಜೊತೆಗೆ ನೋಟ್‌ಬುಕ್ಕಲ್ಲಿ 600 ಶಬ್ದ ಕನ್ನಡ ಅಕ್ಷರದಲ್ಲೇ ಬರ್ಕೊಂಡು ಬಾಯಿಪಾಠ ಮಾಡಿದ್ದೆ, ನೋವಿಗೆ 'ಅಲಮ್', ಎಲ್ಲಿ ಅನ್ನೋಕೆ 'ಐನ', ಹಿಂಗೆ. ಇಲ್ಲಿ ವಾರ್ಡಲ್ಲಿ ಯಾರೂ ಹಂಗೆ ಮಾತಾಡಲ್ಲ. ಹೋದ್ ವಾರ ಒಬ್ಬ ಅಜ್ಜಿ ನನ್ ಕೈ ಹಿಡ್ಕೊಂಡು 'ದಹ್ರೀ ಯಅವ್ವಿರ್ನೀ, ದಹ್ರೀ ಯಅವ್ವಿರ್ನೀ' ಅಂತಾನೇ ಇದಾರೆ, ನಾನು ಸುಮ್ನೆ ತಲೆ ಆಡಿಸ್ಕೊಂಡು ನಿಂತಿದೀನಿ, ಬೆನ್ನು ನೋವು ಅಂತ ಇನ್ನೊಬ್ರು ಸಿಸ್ಟರ್ ಬಂದು ಹೇಳ್ಬೇಕಾಯ್ತು. ಅಷ್ಟ್ ನಾಚ್ಕೆ ಆಯ್ತು. ಇನ್ನೊಂದು ದಿನ 'ಇತ್ನೇನ್ ವ ಖಮ್ಸೀನ್' ಅಂದಿದ್ದು ಕೇಳಿ ಎರಡು, ಐದು ಅಂತ 25ನೇ ರೂಮಿಗೆ ಹೋಗ್ಬಿಟ್ಟೆ, ಅದು 52 😭 ಯಾರಾದ್ರೂ ದಾರಿ ಹೇಳಿ.

ಕರಾವಳಿ_ಡ್ರೈವರ್:
ಸಿಸ್ಟರ್ ಟೆನ್ಷನ್ ತಗೋಬೇಡಿ. ನಾನು ಜುಬೈಲ್‌ನಲ್ಲಿ 17 ವರ್ಷ, ಕ್ಲಾಸಿಗೆ ಹೋದವನೇ ಅಲ್ಲ. ಅನಾ (ನಾನು), ಇಂತಾ (ನೀನು), ಫೀ (ಇದೆ), ಮಾಫೀ (ಇಲ್ಲ), ರೂಹ್ (ಹೋಗು), ಸೀದಾ, ಖಲಾಸ್ (ಮುಗೀತು), ಇಷ್ಟ್ರಲ್ಲೇ ಇಡೀ ಸೌದಿ ಸುತ್ತಿದೀನಿ. ಗೊತ್ತಿಲ್ಲ ಅಂದ್ರೆ 'ಅನಾ ಮಾಫೀ ಮಾಲೂಮ್' ಅಂದ್ಬಿಡಿ, ಕೆಲ್ಸ ಆಗುತ್ತೆ.

ಭಟ್ಕಳ_ಹುಡ್ಗ:
ಅಣ್ಣಾ, ಗಾಡಿ ಓಡ್ಸೋಕೆ ಅದು ಸಾಕು, ಬೇಜಾರ್ ಮಾಡ್ಕೋಬೇಡಿ, ಆದ್ರೆ ಅದು ಕೆಲಸಗಾರರು ಮಾಡ್ಕೊಂಡಿರೋ ಮುರುಕು ಅರಬಿ, ಒಂದ್ಸಲ ನಾಲಿಗೆಗೆ ಕೂತ್ರೆ ಏಳಲ್ಲ. ಗಂಡಸ್ರಿಗೂ 'ಇಂತಾ' ಅಜ್ಜಿಗೂ 'ಇಂತಾ' ಅಂತೀರಿ, ಅಜ್ಜಿಗೆ 'ಇಂತೀ' ಅನ್ಬೇಕು. ಕನ್ನಡದಲ್ಲಿ ನೀನು ನೀವು ಅಂದ್ರೆ ಗಂಡು ಹೆಣ್ಣು ಭೇದ ಇಲ್ವಲ್ಲ, ನಮ್ಮೋರು ಎಡವೋದೇ ಅಲ್ಲಿ. 'ಮಾಫೀ ಮಾಲೂಮ್' ಬದ್ಲು 'ಮಾ ಅದ್ರೀ' ಅನ್ನಿ, ಉದ್ದಾನೂ ಕಮ್ಮಿ.

ಸಿಸ್ಟರ್, ನಿಮ್ಮ ಆಪ್ ಕಲ್ಸಿದ್ದು ಫುಸ್‌ಹಾ, ಅಂದ್ರೆ ನ್ಯೂಸು, ಪುಸ್ತಕದ ಅರಬಿ. ತಪ್ಪಲ್ಲ, ಬೋರ್ಡು, ಫಾರಂ ಓದೋಕೆ ಬೇಕು. ಮಾತಿಗೆ ಮಾತ್ರ 'ಐನ' ಅಲ್ಲ 'ವೇನ್'. 600 ಶಬ್ದದ ಪಟ್ಟಿ ಬದಿಗಿಟ್ಟು ಒಂದು ಶಿಫ್ಟಲ್ಲಿ ನೀವು ನಿಜವಾಗ್ಲೂ ಏನೇನ್ ಮಾತು ಆಡ್ತೀರಿ ಅದನ್ನ ಕನ್ನಡದಲ್ಲಿ ಬರೀರಿ, 20 ದಾಟಲ್ಲ ನೋಡಿ, ಎಲ್ಲಿ ನೋವು, ಉಸಿರು ಎಳ್ಕೊಳ್ಳಿ, ಇಂಜೆಕ್ಷನ್ ಕೊಡ್ತೀನಿ, ಅಷ್ಟೇ ತಾನೆ. ಅದನ್ನ ಸೌದಿ ಸಹೋದ್ಯೋಗಿ ಹತ್ರ ಹೇಳ್ಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಆಂಕಿ ಅಂತ ಬಾಯಿಪಾಠದ ಕಾರ್ಡ್ ಆಪ್ ಇದೆ, ಅದ್ರಲ್ಲಿ ಕಾರ್ಡ್ ಮಾಡಿದ್ರೂ ಒಂದ್ ಕಡೆ ಆ ಆಡಿಯೋ, ಇನ್ನೊಂದ್ ಕಡೆ ಕನ್ನಡ ಮಾತು ಹಾಕಿ, ಒಂಟಿ ಶಬ್ದ ಬೇಡ. ಉತ್ತರ ಬಾಯ್ಬಿಟ್ಟು ಗಟ್ಟಿಯಾಗಿ ಹೇಳಿ, ಮನಸಲ್ಲೇ ಹೇಳ್ಕೊಂಡ್ರೆ ಇಲ್ಲಿವರ್ಗೂ ಆದಂಗೇ ಆಗುತ್ತೆ.

ನಂಬರಲ್ಲಿ ಬಿಡಿ ಸ್ಥಾನದ ಅಂಕಿ ಮೊದ್ಲು, ಹತ್ತರದ್ದು ಆಮೇಲೆ. ನಮ್ಮದು ಐವತ್ತೆರಡು, ಅವ್ರದ್ದು ಎರಡು-ಮತ್ತೆ-ಐವತ್ತು. ದಿನಾ ಬಿಪಿ ಚಾರ್ಟ್ ಬರೀವಾಗ ಅರಬಿಯಲ್ಲಿ ಗೊಣಗ್ಕೊಳ್ಳಿ, 15 ದಿನದಲ್ಲಿ ಕಿವಿಗೆ ಹತ್ತುತ್ತೆ.

ಇನ್ನೊಂದು, ಶಬ್ದಗಳನ್ನ ಬೇರಿಂದ ಹಿಡೀರಿ. ಖ-ರ-ಜ ಅಂದ್ರೆ ಹೊರಗೆ ಹೋಗೋದು. ಪೇಷಂಟ್ ಡಿಸ್ಚಾರ್ಜ್ 'ಖುರೂಜ್', ನಮ್ಮೋರು ಕೆಲ್ಸ ಬಿಟ್ಟು ಊರಿಗೆ ಹೋಗೋ ಫೈನಲ್ ಎಕ್ಸಿಟ್ಟೂ ಖುರೂಜೇ, ರಿಯಾದ್ ರಿಂಗ್ ರೋಡಲ್ಲಿ ಎಕ್ಸಿಟ್ ನಂಬರ್ ಬೋರ್ಡಿದ್ರೆ ಅದು 'ಮಖ್ರಜ್'. ನಾವು ಮದ್ರಸದಲ್ಲಿ ಚಿಕ್ಕೋರಿದ್ದಾಗ ಅಕ್ಷರ ಗಂಟಲಲ್ಲಿ ಹುಟ್ಟುತ್ತಾ ತುಟಿಯಲ್ಲಾ ಅಂತ ಉಸ್ತಾದ್ರು ತಿದ್ದೋರು, ಆ ಜಾಗಕ್ಕೂ ಹೆಸ್ರು ಮಖ್ರಜ್. ಅರ್ಥ ಗೊತ್ತಿರ್ಲಿಲ್ಲ, ರಿಯಾದ್ ಬೋರ್ಡ್ ನೋಡಿ ಗೊತ್ತಾಯ್ತು 😄

ಧಾರವಾಡ_ಓದುಗ:
ನಡುವೆ ಬಾಯಿ ಹಾಕಾಕತ್ತೀನಿ. ಖಾಲಿ, ತಾರೀಖು, ಸಾಬೂನು, ಕುರ್ಚಿ, ಹಾಜರು, ರದ್ದು, ಇವೆಲ್ಲಾ ಅರಬಿಯಿಂದ ಬಂದಾವ, ಅರ್ಧ ನಿಮಗ ಬರ್ತದ. ಆದ್ರ ಎಲ್ಲಾ ನಂಬಬ್ಯಾಡ್ರಿ, ಅಲ್ಲಿ 'ತಕ್ರಾರ್' ಅಂದ್ರ ಜಗಳ ಅಲ್ಲ, ಮತ್ತೊಮ್ಮೆ ಮಾಡೋದು. ಮತ್ತ 'ಹಮ್ಮಾಮ್' ಅಂದ್ರ ಬಚ್ಚಲಮನಿ, ಒತ್ತಕ್ಷರ ಬಿಟ್ರ ಪಾರಿವಾಳ. ಒತ್ತಕ್ಷರ ನಮಗ ಯಾರೂ ಕಲಿಸಬೇಕಿಲ್ಲ ಬಿಡ್ರಿ.

ಮಲ್ನಾಡ್_ಸಿಸ್ಟರ್:
ಎಲ್ರಿಗೂ ಥ್ಯಾಂಕ್ಸ್. 12 ಮಾತು ರೆಕಾರ್ಡ್ ಆಯ್ತು. ನಿನ್ನೆ ನೈಟ್ ಡ್ಯೂಟಿಯಲ್ಲಿ ಒಬ್ರು ಅಮ್ಮನಿಗೆ 'ವೇನ್ ಯಅವ್ರಿಕ್?', ಎಲ್ಲಿ ನೋವು ಅಂತ ಸರಿಯಾಗಿ ಕೇಳ್ಬಿಟ್ಟೆ. ಅವ್ರು ಖುಷಿಯಾಗಿ ಐದ್ ನಿಮಿಷ ನಿಲ್ಸದೇ ಮಾತಾಡಿದ್ರು. ನಂಗೆ ಗೊತ್ತಾಗಿದ್ದು 'ರಾಸ್', ಅಂದ್ರೆ ತಲೆ, ಅದೊಂದೇ. ಈಗೇನ್ ಮಾಡ್ಲಿ?

ಭಟ್ಕಳ_ಹುಡ್ಗ:
ಹಹ್ಹಾ. 'ಶ್ವಯ್ ಶ್ವಯ್', ನಿಧಾನ ನಿಧಾನ ಅನ್ನಿ, ಆಮೇಲೆ ಮುಟ್ಟಿ ತೋರ್ಸಿ 'ಹಿನಾ ವಲ್ಲಾ ಹಿನಾಕ್?' ಅಂತ ಕೇಳಿ, ಇಲ್ಲೋ ಅಲ್ಲೋ ಅಂತ. ಒಂದೇ ಶಬ್ದದಲ್ಲಿ ಉತ್ತರ ಬರುತ್ತೆ.